ಅತ್ತೆಯ ಬಾತುಕೋಳಿ ಅನ್ನ ಲಿಸ್ಬನ್ ನೋಡಿದ್ದು

ನಮ್ಮತ್ತೆ ದೋನಾ ಪೆರ್ಪೆತುವಾ ನನ್ನ ಜೊತೆ ಮಾತು ಬಿಟ್ಟಿದ್ದು ನನ್ನ ಮದುವೆಯ ದಿನ, ಊಟದ ಹೊತ್ತಿಗೆ. ಆಗಿನ್ನೂ ಚರ್ಚಿನಿಂದ ಬಂದು ಕೂತಿದ್ದೆವು, ನನ್ನ ತಲೆಯ ಮೇಲೆ ಎರಚಿದ ಅಕ್ಕಿಯೂ ಉದುರಿರಲಿಲ್ಲ. ಇಷ್ಟು ಚುರುಕಾಗಿ ಅತ್ತೆಯ ಸಿಟ್ಟು ಸಂಪಾದಿಸಿದ ಅಳಿಯ ನಮ್ಮೂರು ಫೊಂತೆಸೆಕಾದಲ್ಲಿ ಹಿಂದೆ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಿಲ್ಲ. ನನ್ನ ಹೆಸರಲ್ಲಿ ಇರುವ ದಾಖಲೆ ಅದೊಂದೇ.

ನಡೆದದ್ದು ಇಷ್ಟೆ. ಅತ್ತೆ ತಮ್ಮ ಕೈಯಾರೆ ಮಾಡಿದ ಬಾತುಕೋಳಿ ಅನ್ನವನ್ನು ಎಲ್ಲರಿಗಿಂತ ಮೊದಲು ನನಗೆ ಬಡಿಸಿದರು. ಬಡಿಸಿ ಪಕ್ಕದಲ್ಲೇ ನಿಂತರು, ಹೊಗಳಿಕೆ ಕೇಳಲು. ನಾನು ಬಾಯಿಗೆ ತುತ್ತು ಇಡುವ ಮೊದಲೇ ಕೈ ಚಾಚಿ ಉಪ್ಪಿನ ಡಬ್ಬಿ ಎಳೆದುಕೊಂಡು ಅನ್ನದ ಮೇಲೆ ಧಾರಾಳವಾಗಿ ಉದುರಿಸಿಕೊಂಡೆ. ಅದು ಸೈನ್ಯದಲ್ಲಿ ಅಂಟಿದ ಚಾಳಿ. ಲಿಸ್ಬನ್ನಿನ ದಂಡಿನ ಅಡುಗೆಮನೆಯಲ್ಲಿ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಅಲ್ಲಿನ ಅಡುಗೆಯವನಿಗೆ ಚಿಟಿಕೆ ಉಪ್ಪು ಹಾಕುವುದೆಂದರೆ ಮಗಳನ್ನು ಬೇರೆ ಊರಿಗೆ ಕೊಟ್ಟಷ್ಟು ಸಂಕಟ. ಹಾಗಾಗಿ ತಟ್ಟೆ ಮುಂದೆ ಬಂದರೆ ಸಿಪಾಯಿಯ ಬಲಗೈ ತಾನೇ ಉಪ್ಪಿನ ಕಡೆ ಹೋಗುತ್ತಿತ್ತು. ಮದುವೆಯ ದಿನವೂ ಹೋಯಿತು.

ಅತ್ತೆ ಸೌಟು ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ. ಮಗಳಿಗೆ ಹೇಳಿದರು: "ಲುಸಿಂಡಾ, ನಿನ್ನ ಗಂಡಂಗೆ ನನ್ನ ಅನ್ನ ಸಪ್ಪೆಯಂತೆ."

ಅಲ್ಲಿಂದ ಇಪ್ಪತ್ತು ವರ್ಷ ನನಗೆ ಬರಬೇಕಾದ ಮಾತೆಲ್ಲ ಲುಸಿಂಡಾಳ ಮೂಲಕವೇ ಬಂತು. ಮೂವರೂ ಒಂದೇ ಮನೆಯಲ್ಲಿ ಇದ್ದೆವು. ಲುಸಿಂಡಾ ತೋಟಕ್ಕೆ ಹೋಗಿ ನಾವಿಬ್ಬರೇ ಉಳಿದರೆ ಅತ್ತೆ ಬೆಕ್ಕಿಗೆ ಹೇಳುತ್ತಿದ್ದರು, ಮಳೆ ಬರೋ ಹಾಗಿದೆ ಬೆಕ್ಕೇ, ಹೊರಗೆ ಯಾರದೋ ಷರ್ಟು ಒಣಗ್ತಿದೆ ಅಂತ. ಬೆಕ್ಕು ತಿರುಗಿ ನನ್ನನ್ನು ನೋಡುತ್ತಿತ್ತು. ನಾನು ಹೋಗಿ ಷರ್ಟು ತರುತ್ತಿದ್ದೆ. ಆ ಬೆಕ್ಕು ಸತ್ತ ಮೇಲೆ ನಮ್ಮಿಬ್ಬರ ಸಂಬಂಧ ಬಹಳ ಹದಗೆಟ್ಟಿತು.

ಊರಿನ ಮೇಲೂ ಇದರ ಪರಿಣಾಮ ಆಯಿತು. ದೋನಾ ಪೆರ್ಪೆತುವಾ ಕೂತಿರುವ ಕಡೆ ಉಪ್ಪಿನ ಡಬ್ಬಿ ಇಡುವ ಧೈರ್ಯ ಯಾರಿಗೂ ಬರಲಿಲ್ಲ. ಬೇಯಿಸಿದ ಮೊಟ್ಟೆಯನ್ನೂ ಜನ ಹಾಗೇ ನುಂಗಿ, ತುಂಬ ಚೆನ್ನಾಗಿದೆ ಎನ್ನುತ್ತಿದ್ದರು.

ಇನ್ನು ಪ್ರವಾಸದ ವಿಷಯ. ನಮ್ಮ ಪಂಚಾಯಿತಿ ವರ್ಷಕ್ಕೊಂದು ಸಲ ಬಸ್ಸು ಮಾಡಿ ಊರವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತದೆ. ಆ ವರ್ಷ ಅಧ್ಯಕ್ಷ ಸೆವೆರಿನೊ ಲಿಸ್ಬನ್ ಎಂದು ಘೋಷಿಸಿದ. ಊರಲ್ಲಿ ಅರ್ಧಕ್ಕರ್ಧ ಜನ ರಾಜಧಾನಿ ನೋಡಿರಲಿಲ್ಲ. ಕಾಫಿ ಅಂಗಡಿಯಲ್ಲಿ ಕೂತಿದ್ದ ನಾನು, ದಾರಿ ತೋರಿಸೋಕೆ ನಾನಿದ್ದೀನಲ್ಲ, ಲಿಸ್ಬನ್ನಲ್ಲಿ ನನ್ನ ಕಣ್ಣು ಕಟ್ಟಿ ಬಿಟ್ಟರೂ ದಾರಿ ಸಿಗುತ್ತೆ ಅಂದೆ. ಕಣ್ಣು ಕಟ್ಟಿ ಬಿಟ್ಟಿದ್ದರೆ ಬಹುಶಃ ಸಿಗುತ್ತಿತ್ತು. ಕಣ್ಣು ಬಿಟ್ಟುಕೊಂಡು ಹೋಗಿದ್ದೇ ತಪ್ಪಾಯಿತು. ಸೈನ್ಯದಲ್ಲಿ ಇದ್ದಷ್ಟು ಕಾಲ ನಾನು ಆ ಅಡುಗೆಮನೆಯ ಕಿಟಕಿಯಾಚೆ ನೋಡಿದ್ದು ಒಂದು ಗೋಡೆ. ಅದು ಯಾವ ಗೋಡೆ ಎಂದು ಇವತ್ತಿಗೂ ಗೊತ್ತಿಲ್ಲ.

ಪ್ರವಾಸದ ಊಟ ನಮ್ಮಲ್ಲಿ ಹೋಟೆಲಿನದಲ್ಲ. ಪ್ರತಿ ಮನೆಯವರೂ ಕಟ್ಟಿಕೊಂಡು ಬರುತ್ತಾರೆ. ಮೀನಿನ ವಡೆ, ಕರಿದ ಮಾಂಸ, ಆಲಿವ್, ರೊಟ್ಟಿ, ಬುಂಡೆಗಟ್ಟಲೆ ವೈನು. ಎಲ್ಲಾದರೂ ಹುಲ್ಲು ಕಂಡ ಕಡೆ ಬಟ್ಟೆ ಹಾಸಿ ಕೂರುತ್ತೇವೆ. ಆದರೆ ದೋನಾ ಪೆರ್ಪೆತುವಾ ತಮ್ಮ ಬಾತುಕೋಳಿ ಅನ್ನದ ಮುಚ್ಚಳ ತೆಗೆಯುವವರೆಗೆ ಯಾರೂ ರೊಟ್ಟಿ ಮುರಿಯುವ ಹಾಗಿಲ್ಲ. ಅನ್ನ ಎಂದರೆ ಸುಮ್ಮನೆ ಅನ್ನವಲ್ಲ. ಒಲೆಗೂಡಲ್ಲಿ ಬೆಂದು ಮೇಲೆ ಕಂದು ಬಣ್ಣ ಬಂದಿರುತ್ತದೆ, ಸುತ್ತ ಹೊಗೆಯಲ್ಲಿ ಒಣಗಿಸಿದ ಸಾಸೇಜಿನ ಬಿಲ್ಲೆಗಳ ಹಾರ, ನಟ್ಟನಡುವೆ ಒಂದು ದಪ್ಪ ಬಿಲ್ಲೆ. ನಡುವಿನ ಆ ಬಿಲ್ಲೆ ಅವರ ರುಜು ಇದ್ದ ಹಾಗೆ. ಪಾತ್ರೆಯನ್ನು ಹಳೇ ಪೇಪರಲ್ಲಿ ಸುತ್ತಿ, ಅದರ ಮೇಲೆ ಉಣ್ಣೆ ಹೊದಿಕೆ ಬಿಗಿದರೆ ಮಧ್ಯಾಹ್ನದ ತನಕ ಬಿಸಿ ಆರುವುದಿಲ್ಲ.

ಪ್ರತಿ ವರ್ಷ ಆ ಪಾತ್ರೆ ಅತ್ತೆಯ ತೊಡೆಯ ಮೇಲೇ ಪ್ರಯಾಣ ಮಾಡುತ್ತಿತ್ತು. ಆ ಸಲ ಅವರ ಭುಜ ಹಿಡಿದುಕೊಂಡಿತ್ತು. ಬೆಳಗಿನ ಜಾವ ಬಸ್ಸು ಬಾಗಿಲಿಗೇ ಬಂದು, ಸೆವೆರಿನೊ ಬಿಡದೆ ಹಾರ್ನ್ ಹೊಡೆಸುತ್ತಿದ್ದ. ಆ ಗಡಿಬಿಡಿಯಲ್ಲಿ ಅತ್ತೆ ಕೈಗೆ ಸಿಕ್ಕಿದ ಹೊದಿಕೆ ಸುತ್ತಿದರು. ಅದು ಲುಸಿಂಡಾ ಹುಟ್ಟಿದಾಗ ಅವಳನ್ನು ಸುತ್ತಿದ್ದ ಬಿಳಿ ಹೊದಿಕೆ, ಅಂಚಿಗೆ ಗುಲಾಬಿ ಬಣ್ಣದ ಕಸೂತಿ. ಆಮೇಲೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ಲುಸಿಂಡಾ ಪಾತ್ರೆ ತಂದು ನನ್ನ ಕೈಗಿತ್ತಳು.

"ರೀ, ಅಮ್ಮ ಇದನ್ನ ನಿಮಗೇ ಕೊಡು ಅಂದ್ಲು. ಬೇರೆ ಯಾರಿಗೂ ಅಲ್ಲ, ನಿಮಗೇ. ಬಿಸಿ ಆರದೆ, ಅಲುಗದೆ ಊಟಕ್ಕೆ ತಲುಪಿಸಿಬಿಡಿ. ಅಮ್ಮ ಇವತ್ತು ಮಾತಾಡ್ತಾಳೆ ಅಂತ ನಂಗನ್ಸುತ್ತೆ."

ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಇಪ್ಪತ್ತು ವರ್ಷ ಎರಡು ಕಡೆಯ ಮಾತು ಹೊತ್ತು ಪಾಪ ಅವಳಿಗೂ ಸಾಕಾಗಿತ್ತು. ನಾನು ಪಾತ್ರೆಯನ್ನು ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದೆ.

ಲಿಸ್ಬನ್ ತಲುಪಿ ನದಿ ದಡದಲ್ಲಿ ಇಳಿದೆವು. ಬೆಳಗ್ಗೆ ಕೋಟೆ, ಅದರ ಕೆಳಗಿನ ಅಲ್ಫಾಮಾದ ಗಲ್ಲಿಗಳು. ಒಂದು ಗಂಟೆಗೆ ಎಲ್ಲರೂ ಬೆಲೆಂನಲ್ಲಿ, ಸನ್ಯಾಸಿಗಳ ಹಳೇ ಮಠದ ಎದುರಿನ ತೋಟದಲ್ಲಿ ಊಟಕ್ಕೆ ಸೇರುವುದು. ಹೀಗೆಂದು ಸೆವೆರಿನೊ ಹೇಳಿದ. ಪಾತ್ರೆಯನ್ನು ಬಸ್ಸಲ್ಲೇ ಬಿಟ್ಟು ಹೋಗೋಣ ಎಂದು ನಾನು ಸೀಟಿನ ಮೇಲಿಟ್ಟೆ. ಅತ್ತೆ ಡ್ರೈವರ್ ಬಾಲ್ತಸಾರನ ಹೊಟ್ಟೆಯನ್ನು ಒಮ್ಮೆ ನೋಡಿದರು. ಅದು ಸ್ಟೇರಿಂಗಿಗೆ ತಾಗಿಕೊಂಡೇ ಇತ್ತು.

"ಲುಸಿಂಡಾ, ಪಾತ್ರೆ ಜೊತೇಲೇ ಬರಲಿ ಅಂತ ಹೇಳು ನಿನ್ನ ಗಂಡಂಗೆ."

ಹೀಗಾಗಿ ನಾನು ಲಿಸ್ಬನ್ನಿನ ಕೋಟೆಯನ್ನು ಹತ್ತಿದ್ದು ಬಾತುಕೋಳಿ ಅನ್ನವನ್ನು ಎತ್ತಿಕೊಂಡು. ಆ ಕೋಟೆಗೆ ಹಿಂದೆ ಎಷ್ಟೋ ಸೈನ್ಯ ಮುತ್ತಿಗೆ ಹಾಕಿತ್ತಂತೆ. ಅವರ್ಯಾರೂ ನನ್ನಷ್ಟು ಬೆವರಿರಲಾರರು.

ಸೆವೆರಿನೊ ಗುಂಪಿಗೆ ಕಾಣಲಿ ಎಂದು ಆಲಿವ್ ಕಾಯಿ ಬಡಿಯುವ ಉದ್ದನೆಯ ಕೋಲು ತಂದು, ತುದಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡಿದ್ದ. ಕೋಟೆಯ ಮೇಲೆ ನಿಂತು ಅದೇ ಕೋಲು ನೀಡಿ, ನೋಡಿ ಇದೇ ತೇಜೊ ನದಿ ಅಂದ. ಎಲ್ಲರಿಗಿಂತ ಹಿರಿಯ ತಿಬೂರ್ಸಿಯೊ ಬಗ್ಗಿ ನೋಡಿ, "ಇದು ನಮ್ಮೂರ ಕೆಳಗಿಂದಾನೇ ಬಂದಿದ್ದು ಕಣೋ, ನಾವು ಬಳಸಿ ಬಿಟ್ಟ ನೀರು," ಅಂದ. ಅಲ್ಲಿಗೆ ನದಿಯ ಬಗ್ಗೆ ನಮ್ಮವರ ಆಸಕ್ತಿ ಮುಗಿಯಿತು.

ತೊಂದರೆ ಶುರುವಾದದ್ದು ಗಲ್ಲಿಗಳಲ್ಲಿ. ನಮ್ಮೂರಲ್ಲಿ ಎದುರಿಗೆ ಬಂದವರಿಗೆ ಬೊಂ ದೀಯಾ ಎಂದು ಶುಭದಿನ ಹಾರೈಸದೆ ಹೋದರೆ ಆ ಮನೆಗೂ ಈ ಮನೆಗೂ ಹಗೆ ಬೆಳೆದಿದೆ ಎಂದೇ ಅರ್ಥ. ರಾಜಧಾನಿಗೆ ಬಂದು ಕೆಟ್ಟ ಹೆಸರು ತಗೊಳ್ಳೋದು ಬೇಡ ಎಂದು ನಮ್ಮವರು ಎದುರಾದ ಒಬ್ಬೊಬ್ಬರಿಗೂ ಒಬ್ಬೊಬ್ಬರಾಗಿ ಬೊಂ ದೀಯಾ ಹೇಳುತ್ತ ನಡೆದರು. ಒಬ್ಬ ಹೆಂಗಸು ಕೈಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದಳು. ಒಬ್ಬ ಪೊಲೀಸಿನವನು, ಇಷ್ಟೊಂದು ಜನ ವಂದಿಸಿದರೆ ತನಗೇನೋ ಬಡ್ತಿ ಬಂದಿರಬೇಕು ಎಂದುಕೊಂಡು ಟೋಪಿ ಸರಿ ಮಾಡಿಕೊಂಡ. ಆಮೇಲೆ ಜಪಾನಿನವರ ಒಂದು ಗುಂಪು ಎದುರಾಯಿತು. ಅವರು ನಮ್ಮನ್ನೂ ಮೀರಿಸಿದವರು. ನಾವು ಒಂದು ಸಲ ಹೇಳಿದರೆ ಅವರು ಎರಡು ಸಲ ಬಗ್ಗುವರು. ಮೊದಲು ನಿಲ್ಲಿಸಲು ಎರಡೂ ಕಡೆಯವರಿಗೆ ಸಂಕೋಚ. ಕೊನೆಗೆ ಸೆವೆರಿನೊನ ಕೋಲು ಮೇಲಿನ ಹಗ್ಗಕ್ಕೆ ಸಿಕ್ಕಿ ಯಾರದೋ ಮನೆಯ ಹಾಸಿಗೆ ಬಟ್ಟೆ ಇಡೀ ಗುಂಪಿನ ಮೇಲೆ ಬಿದ್ದದ್ದರಿಂದ ಆ ಭೇಟಿ ಮುಗಿಯಿತು.

ನಾನು ಎಲ್ಲರಿಗಿಂತ ಹಿಂದಿದ್ದೆ. ಒಂದು ಕಿಟಕಿಯಲ್ಲಿ ಮೊಣಕೈ ಊರಿ ಕೂತಿದ್ದ ಅಜ್ಜಿಗೆ ನಾನೂ ಬೊಂ ದೀಯಾ ಅಂದೆ. ಅಜ್ಜಿ ನನ್ನ ಮಾತಿನ ಧಾಟಿ ಹಿಡಿದು, ಯಾವೂರಪ್ಪ ಅಂದಳು. ಫೊಂತೆಸೆಕಾ ಅಂದೆ. ಅವಳದು ನಮ್ಮ ಗುಡ್ಡದಾಚೆಯ ಕೊವಾಸ್. ಮದುವೆಯಾಗಿ ಇಲ್ಲಿಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ಯಾರ ಮಗನೋ ನೀನು?"

ಈ ಪ್ರಶ್ನೆಗೆ ಉತ್ತರ ಹೇಳದೆ ನಡೆದುಹೋಗುವ ಗಂಡಸು ನಮ್ಮ ಸೀಮೆಯಲ್ಲಿಲ್ಲ. ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರು ಹೇಳಿದೆ, ಅಜ್ಜನ ಕತ್ತೆಯ ಹೆಸರೂ ಹೇಳಿದೆ. ಕತ್ತೆ ಅವಳಿಗೆ ನೆನಪಿತ್ತು. ಅಲ್ಲಿಂದ ಕೊವಾಸಿನ ಬಾವಿ ಬತ್ತಿತಾ, ದಾರಿ ಪಕ್ಕದ ಅಂಜೂರದ ಮರ ಇದೆಯಾ, ಇನ್ಯಾರು ಸತ್ತರು ಅಂತ ಕೇಳುತ್ತಾ ಹೋದಳು. ನಾನು ಒಬ್ಬೊಬ್ಬರನ್ನೇ ನೆನೆಸಿಕೊಂಡು ಸಾಯಿಸುತ್ತಾ ಹೋದೆ. ಮುಗಿಸಿ ತಿರುಗಿ ನೋಡಿದರೆ ಗಲ್ಲಿಯ ಯಾವ ತುದಿಯಲ್ಲೂ ಕೆಂಪು ಕರವಸ್ತ್ರ ಕಾಣಲಿಲ್ಲ.

ಮೊಬೈಲು ಆಗಿನ್ನೂ ನಮ್ಮೂರಿಗೆ ಬಂದಿರಲಿಲ್ಲ. ಆದರೂ ನಾನು ಹೆದರಲಿಲ್ಲ. ಬೆಲೆಂ ಇರುವುದು ನದಿ ದಡದಲ್ಲಿ, ಟ್ರಾಮುಗಳೆಲ್ಲ ಕೊನೆಗೆ ನದಿಗೇ ಇಳಿಯಬೇಕು ಎಂದು ಲೆಕ್ಕ ಹಾಕಿ ಮೊದಲು ಬಂದ ಹಳದಿ ಟ್ರಾಮು ಹತ್ತಿದೆ. ಯಾರನ್ನೂ ದಾರಿ ಕೇಳಲಿಲ್ಲ. ಲಿಸ್ಬನ್ನಲ್ಲಿ ಸೈನಿಕನಾಗಿದ್ದವನು ಲಿಸ್ಬನ್ನಲ್ಲಿ ದಾರಿ ಕೇಳುವುದೇ? ಟ್ರಾಮು ನನ್ನ ಲೆಕ್ಕಕ್ಕೆ ಬೆಲೆ ಕೊಡದೆ ಗುಡ್ಡ ಹತ್ತತೊಡಗಿತು.

ಒಳಗೆ ನಿಲ್ಲಲೂ ಜಾಗವಿಲ್ಲ. ಒಬ್ಬ ಯುವತಿ ನನ್ನ ಎದೆಗೊರಗಿದ ಬಿಳಿ ಹೊದಿಕೆ, ಗುಲಾಬಿ ಕಸೂತಿ ನೋಡಿ ತಟ್ಟನೆ ಎದ್ದು ಜಾಗ ಬಿಟ್ಟಳು. ಇದು ಮಗು ಅಲ್ಲಮ್ಮ ಎಂದು ಬಾಯಿಯವರೆಗೆ ಬಂತು. ಆದರೆ ಕೋಟೆ ಹತ್ತಿ ಇಳಿದ ಕಾಲುಗಳು ನನಗಿಂತ ಮುಂಚೆ ತೀರ್ಮಾನ ಮಾಡಿ ಕೂತುಬಿಟ್ಟವು. ಕೂತ ಮೇಲೆ ಸತ್ಯ ಹೇಳಿದರೆ ಎದ್ದು ನಿಲ್ಲಬೇಕಾಗುತ್ತದೆ.

ಪಕ್ಕದ ಸೀಟಿನಲ್ಲಿ ದೊಡ್ಡ ಟೋಪಿಯ ಒಬ್ಬ ಹೆಂಗಸು ನಿಜವಾದ ಮಗುವನ್ನೇ ಎತ್ತಿಕೊಂಡು ಕೂತಿದ್ದಳು. ಅವಳ ಸುತ್ತ ಇಸ್ತ್ರಿ ಬಟ್ಟೆಯ ನೆಂಟರು. ಮಗುವಿಗೆ ಅವತ್ತು ಚರ್ಚಿನಲ್ಲಿ ಹೆಸರಿಡುವ ದೀಕ್ಷಾಸ್ನಾನ, ಇವಳು ಅದರ ಧರ್ಮತಾಯಿ. ನನ್ನ ಕಡೆ ಬಾಗಿ ಪ್ರೀತಿಯಿಂದ ಕೇಳಿದಳು:

"ಎಷ್ಟು ದಿನದ್ದು?"

"ಇವತ್ತು ಬೆಳಗಿನ ಜಾವದ್ದು," ಅಂದೆ. ಸುಳ್ಳು ಹೇಳಲಿಲ್ಲ.

ಅವಳ ಮುಖ ಬಿಳುಚಿತು. "ಅಯ್ಯೋ, ತಾಯಿ ಹೇಗಿದ್ದಾಳೆ?"

ಮಾಡಿದವರ ವಿಷಯ ಕೇಳುತ್ತಿದ್ದಾಳೆ ಎಂದುಕೊಂಡು, "ಮಾತಾಡ್ತಿಲ್ಲ," ಅಂದೆ. ಅದೂ ಸತ್ಯವೇ.

ಒಬ್ಬ ಮುದುಕ ಟೋಪಿ ತೆಗೆದ. ಡ್ರೈವರು ತಿರುವಿನಲ್ಲಿ ಬಂಡಿಯನ್ನು ತೊಟ್ಟಿಲು ತೂಗಿದ ಹಾಗೆ ನಿಧಾನಕ್ಕೆ ತಿರುಗಿಸಿದ. ಧರ್ಮತಾಯಿ ಕಣ್ಣೊರೆಸಿಕೊಂಡು, ಅಂಥ ಮಗುವಿಗೆ ತಡ ಮಾಡಬಾರದು, ದೀಕ್ಷೆ ಈಗಲೇ ಆಗಬೇಕು, ನಮ್ಮ ಜೊತೆಗೇ ಆಗಿಹೋಗಲಿ ಅಂದಳು. ಎಲ್ಲರೂ ಹೂಂಗುಟ್ಟಿದರು. ಪರಿಸ್ಥಿತಿ ಕೈಮೀರುತ್ತಿದೆ ಎಂದು ನಾನು ಎದ್ದು ನಿಂತು, ನೋಡೀಮ್ಮಾ, ಇದು ಬಾತುಕೋಳಿ ಅನ್ನ ಎಂದು ಸ್ಪಷ್ಟವಾಗಿ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಆಘಾತಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಮೆಲ್ಲಗೆ ಅಂದರು. ಇಬ್ಬರು ಗಂಡಸರು ನನ್ನ ಎರಡು ತೋಳು ಹಿಡಿದು ಅತಿ ಮೃದುವಾಗಿ ಇಳಿಸಿಕೊಂಡರು.

ಚರ್ಚು ಚಿಕ್ಕದು. ಪಾದ್ರಿಗೆ ತುಂಬಾ ವಯಸ್ಸಾಗಿತ್ತು, ಕನ್ನಡಕದ ಗಾಜು ಬಾಟಲಿ ತಳದಷ್ಟು ದಪ್ಪ. ಬೆಳಗಿನಿಂದ ಒಂದರ ಹಿಂದೆ ಒಂದು ಮಗು ಬರುತ್ತಿದ್ದರಿಂದ ಅವರು ಇನ್ನೂ ಏನೂ ತಿಂದಿರಲಿಲ್ಲವಂತೆ. ಧರ್ಮತಾಯಿ ನನ್ನನ್ನೇ ಮೊದಲು ಮುಂದೆ ತಳ್ಳಿದಳು. ಪಾದ್ರಿ ಹೊದಿಕೆಯ ಮೇಲೆ ಕೈಯಿಟ್ಟು ತಟ್ಟನೆ ಹಿಂದೆಗೆದರು.

"ಮಗೂಗೆ ಜ್ವರ ಸುಡ್ತಿದೆಯಲ್ಲಪ್ಪ."

"ಹಾಗೇ ಇರ್ಬೇಕು ಫಾದರ್. ಆರಿದ್ರೆ ನನ್ನ ಕತೆ ಮುಗೀತು."

"ಹೆಸರೇನು?"

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು. ಪೆರ್ಪೆತುವಾ ಅಂದೆ. ಅವರು ಮುಖ ನೋಡೋಣ ಎಂದು ಹೊದಿಕೆಯ ಗಂಟು ಬಿಚ್ಚಿದರು. ಒಳಗೆ ಹಳೇ ಪೇಪರು ಬಂತು, ಫುಟ್ಬಾಲ್ ಸುದ್ದಿಯ ಪುಟ. ಪೇಪರಿನ ಒಳಗೆ ಮುಚ್ಚಳ ಬಂತು. ಮುಚ್ಚಳ ಎತ್ತಿದರು. ಹಬೆ ಎದ್ದು ಅವರ ಕನ್ನಡಕ ಪೂರ್ತಿ ಮುಚ್ಚಿಹೋಯಿತು. ಕಾಣದಿದ್ದರೇನು, ಮೂಗು ಚೆನ್ನಾಗಿತ್ತು.

ಪಾದ್ರಿ ಮುಚ್ಚಳ ಮುಚ್ಚಿದರು. ನೆರೆದಿದ್ದವರ ಕಡೆ ತಿರುಗಿ, ಈ ಮಗುವಿನ ವಿಷಯ ಸ್ವಲ್ಪ ಬೇರೆ, ನಾನು ತಂದೆಯ ಜೊತೆ ಖಾಸಗಿಯಾಗಿ ಮಾತಾಡಬೇಕು ಎಂದು ಗಂಭೀರವಾಗಿ ಹೇಳಿ, ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಅಡುಗೆ ಯಾರದು ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಮದುವೆ, ಉಪ್ಪು, ಬೆಕ್ಕು, ಬೆಕ್ಕಿನ ಸಾವು, ಒಂದು ಗಂಟೆಗೆ ಬೆಲೆಂನಲ್ಲಿ ಇರಬೇಕಾದದ್ದು. ಅವರು ಕಣ್ಣು ಮುಚ್ಚಿ ಕೇಳಿದರು. ಪಾಪನಿವೇದನೆ ಕೇಳಿ ಅಭ್ಯಾಸವಾದವರು, ನಡುವೆ ಬಾಯಿ ಹಾಕಲಿಲ್ಲ. ಬಾಯಿ ಬೇರೆ ಕೆಲಸದಲ್ಲಿತ್ತು ಎಂದು ನನಗೆ ಗೊತ್ತಾದದ್ದು ತಡವಾಗಿ. ನಾನು ಬೆಕ್ಕಿನ ಸಾವಿನಲ್ಲಿ ಮುಳುಗಿದ್ದಾಗ ಅವರು ನಟ್ಟನಡುವಿನ ದಪ್ಪ ಬಿಲ್ಲೆಯನ್ನು, ಅದರ ಕೆಳಗಿನ ಒಂದು ಚಮಚ ಅನ್ನದ ಸಮೇತ, ಎತ್ತಿ ಬಾಯಿಗೆ ಹಾಕಿಕೊಂಡಿದ್ದರು.

ಬಹಳ ಹೊತ್ತು ಅಗಿದರು. ಆಮೇಲೆ ನನ್ನನ್ನು ನೋಡಿದ ನೋಟ ನನಗೆ ಅರ್ಥವಾಗಲಿಲ್ಲ. ಗಲ್ಲಿಗೇರುವವನನ್ನು ಪಾದ್ರಿಗಳು ನೋಡುವ ನೋಟ ಅದು. ಎದ್ದು ಹೋಗಿ ಕಪಾಟಿನಿಂದ ಒಂದು ಬೆಳ್ಳಿ ಬಟ್ಟಲು ತಂದರು. ಅದರಲ್ಲಿದ್ದದ್ದು, ಹಿಂದಿನ ಕಾಲದಲ್ಲಿ ದೀಕ್ಷೆ ಕೊಡುವಾಗ ಮಗುವಿನ ನಾಲಗೆಗೆ ಮುಟ್ಟಿಸುತ್ತಿದ್ದ ಉಪ್ಪು. ಈಗಿನವರು ಬಿಟ್ಟಿದ್ದಾರೆ, ನಾನು ಹಳಬ, ಬಿಟ್ಟಿಲ್ಲ ಅಂದರು. ಅದನ್ನು ಒಂದು ಕಾಗದಕ್ಕೆ ಸುರಿದು, ಪೊಟ್ಟಣ ಕಟ್ಟಿ, ನನ್ನ ಬಲಜೇಬಿಗೆ ತಾವೇ ಹಾಕಿದರು.

"ನೀನಾಗಿ ಇದನ್ನ ತೆಗೀಬೇಡ ಮಗನೇ. ಸತ್ರೂ ತೆಗೀಬೇಡ. ಕೇಳಿದ್ರೆ ಮಾತ್ರ ಕೊಡು."

ಯಾತ್ರೆಗೆ ಹೋದವರಿಗೆ ಕೊಡುವ ಪ್ರಸಾದದಂಥದ್ದೇನೋ ಎಂದುಕೊಂಡು ನಾನು ಕೈ ಮುಗಿದೆ.

ಪಾದ್ರಿ ಹೊರಗೆ ಹೋಗಿ ಧರ್ಮತಾಯಿಯ ಗಂಡನ ಕಿವಿಯಲ್ಲಿ ವಿಷಯ ಹೇಳಿದರು. ಅವನು ಟ್ಯಾಕ್ಸಿ ಓಡಿಸುವವನು, ಗಾಡಿ ಬಾಗಿಲಲ್ಲೇ ಇತ್ತು. ದೀಕ್ಷೆ ಮುಗಿಯುವುದರೊಳಗೆ ಬರುತ್ತೇನೆ ಎಂದು ನನ್ನನ್ನು ಬೆಲೆಂಗೆ ಬಿಡಲು ಹೊರಟ. ದಾರಿಯಲ್ಲಿ ಎರಡು ಸಲ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕು, ಕಣ್ಣೊರೆಸಿಕೊಂಡು ಮತ್ತೆ ಹೊರಟ. ನಾನು ಪಾತ್ರೆ ಅಲುಗದಂತೆ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತೆ. ಲಿಸ್ಬನ್ ನಾನು ಚೆನ್ನಾಗಿ ನೋಡಿದ್ದು ಅದೇ ಹೊತ್ತಿನಲ್ಲಿ.

ಮಠದ ಎದುರಿನ ತೋಟದಲ್ಲಿ ನಮ್ಮವರು ಬಟ್ಟೆ ಹಾಸಿ, ಬುತ್ತಿಗಳನ್ನೆಲ್ಲ ಬಿಚ್ಚಿ, ಸುತ್ತ ಸುಮ್ಮನೆ ಕೂತಿದ್ದರು. ರೊಟ್ಟಿ ಯಾರೂ ಮುಟ್ಟಿರಲಿಲ್ಲ. ಬಾಲ್ತಸಾರ್ ರೊಟ್ಟಿಯನ್ನು ನೋಡಬಾರದೆಂದು ಬೆನ್ನು ತಿರುಗಿಸಿ ಕೂತಿದ್ದ. ಅತ್ತೆ ಮಡಿಸುವ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಲುಸಿಂಡಾ ನನ್ನನ್ನು ಕಂಡು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ನಾನು ಪಾತ್ರೆಯನ್ನು ಅತ್ತೆಯ ಮುಂದಿಟ್ಟೆ. ಅವರು ಹೊದಿಕೆಯೊಳಗೆ ಕೈ ತೂರಿಸಿ ನೋಡಿದರು. ಬಿಸಿ ಹಾಗೇ ಇತ್ತು. ಅವರ ಹುಬ್ಬು ಸಡಿಲವಾಯಿತು. ತಲೆಯೆತ್ತಿ ನೇರ ನನ್ನ ಕಡೆ ನೋಡಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಬಾಯಿ ನನಗಾಗಿ ತೆರೆಯಿತು, ನಾನು ಕಂಡೆ. ಅಷ್ಟರಲ್ಲಿ ಅವರ ಕೈ ಮುಚ್ಚಳ ಎತ್ತಿಬಿಟ್ಟಿತು. ನಟ್ಟನಡುವೆ ಗುಂಡಗೆ ಒಂದು ಗುಂಡಿ.

ಬಾಯಿ ಮುಚ್ಚಿತು.

"ಲುಸಿಂಡಾ, ನಡುವಿನ ಬಿಲ್ಲೆ ಎಲ್ಲಿ ಅಂತ ಕೇಳು."

"ಪಾದ್ರಿ ತಿಂದ್ರು," ಅಂದೆ. ಆಮೇಲೆ ನಡೆದದ್ದನ್ನೆಲ್ಲ ನಡೆದ ಹಾಗೇ ಹೇಳಿದೆ. ಉಪ್ಪಿನ ಪೊಟ್ಟಣವೊಂದನ್ನು ಮಾತ್ರ ಬಿಟ್ಟೆ, ಅತ್ತೆಯ ಮುಂದೆ ಆ ಪದ ಎತ್ತುವ ಶಕ್ತಿ ನನಗಿರಲಿಲ್ಲ. ನಾನು ಹುಟ್ಟಿದಂದಿನಿಂದ ಕಾಫಿ ಅಂಗಡಿಯಲ್ಲಿ ಹೇಳಿದ ಕತೆಗಳಲ್ಲಿ ತೋಳ ಮಾತಾಡಿದೆ, ಕುಂಬಳಕಾಯಿಯೊಳಗೆ ಹಂದಿ ಮರಿ ಹಾಕಿದೆ. ಎಲ್ಲವನ್ನೂ ಜನ ತಲೆದೂಗಿ ಕೇಳಿದ್ದಾರೆ. ಜೀವನದಲ್ಲಿ ಒಂದೇ ಒಂದು ಸಲ ಉಪ್ಪುಖಾರ ಹಚ್ಚದೆ ಹೇಳಿದ ಕತೆಯನ್ನು ಒಬ್ಬರೂ ನಂಬಲಿಲ್ಲ. ತಿಬೂರ್ಸಿಯೊ, "ತಿಂದಿದ್ದೀನಿ ಅಂತ ಒಪ್ಕೊಂಡ್ರೆ ಏನಾಗ್ತಿತ್ತೋ," ಅಂದ. ಬಾಲ್ತಸಾರ್ ಮಾತ್ರ ನನ್ನ ಕಡೆ ಸಹಾನುಭೂತಿಯಿಂದ ನೋಡಿದ.

ಅತ್ತೆ ಬಡಿಸಿದರು. ನಮ್ಮಲ್ಲಿ ಬಡಿಸುವವರು ಕೊನೆಗೆ ತಿನ್ನುತ್ತಾರೆ. ಎಲ್ಲರೂ ಬೆಳಗಿನಿಂದ ಹಸಿದವರು, ಒಟ್ಟಿಗೇ ಮೊದಲ ತುತ್ತು ಬಾಯಿಗಿಟ್ಟರು. ಒಟ್ಟಿಗೇ ನಿಂತರು.

ಉಪ್ಪಿಲ್ಲ. ಕಡಿಮೆ ಎಂದಲ್ಲ, ಇಲ್ಲವೇ ಇಲ್ಲ. ಬೆಳಗಿನ ಜಾವದ ಆ ಹಾರ್ನಿನ ಗಲಾಟೆಯಲ್ಲಿ ಅತ್ತೆ ಉಪ್ಪನ್ನೇ ಮರೆತಿದ್ದರು. ಪಾದ್ರಿಯ ನೋಟ ಆಗ ನನಗೆ ಅರ್ಥವಾಯಿತು.

ಜನ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಠದ ಗೋಪುರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಸೆವೆರಿನೊ ಗಂಟಲು ಸರಿಮಾಡಿಕೊಂಡು, ಅನ್ನ ಬಹಳ ಮೃದುವಾಗಿದೆ ಅಂದ. ತಿಬೂರ್ಸಿಯೊ ಯೋಚಿಸಿ, ಬಿಸಿಯೂ ಇದೆ ಅಂದ. ಯಾರೊಬ್ಬರ ಬುತ್ತಿಯಲ್ಲೂ ಉಪ್ಪಿನ ಡಬ್ಬಿ ಇರಲಿಲ್ಲ, ಅದಕ್ಕೆ ಕಾರಣ ನಾನೇ. ಇಡೀ ಫೊಂತೆಸೆಕಾದ ಬಳಿ ಆ ಹೊತ್ತು ಇದ್ದ ಉಪ್ಪೆಲ್ಲ ನನ್ನ ಬಲಜೇಬಿನಲ್ಲಿತ್ತು.

ಮತ್ತು ನನ್ನ ಬಲಗೈ ಏಳುತ್ತಿತ್ತು. ನಾನು ಹೇಳಿದ್ದಲ್ಲ, ತಾನಾಗಿಯೇ. ಸೈನ್ಯದ ಕೈ, ಸಪ್ಪೆ ತಟ್ಟೆ ಕಂಡರೆ ಅಪ್ಪಣೆಗೆ ಕಾಯುವುದಿಲ್ಲ. ಅದು ಜೇಬಿನ ಅಂಚು ಮುಟ್ಟಿತು. ಅತ್ತೆಯ ಕಣ್ಣು ಅಲ್ಲಿಗೇ ಬಂತು. ಅದನ್ನು ಎಳೆದು ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟೆ. ಎಡಗೈಯಲ್ಲಿ ಚಮಚ ಹಿಡಿದು ತಿಂದೆ. ಅರ್ಧ ಗಡ್ಡಕ್ಕೆ, ಅರ್ಧ ಬಾಯಿಗೆ. ತಟ್ಟೆ ಖಾಲಿ ಮಾಡಿ, ಎಡಗೈಯಲ್ಲೇ ತಟ್ಟೆ ಮುಂದೆ ಚಾಚಿ, "ಲುಸಿಂಡಾ, ಇನ್ನೊಂದು ಸ್ವಲ್ಪ ಹಾಕೋಕೆ ಹೇಳು," ಅಂದೆ. ಅತ್ತೆ ಬಡಿಸಿದರು. ಅದನ್ನೂ ತಿಂದೆ. ತಿನ್ನುವಷ್ಟು ಹೊತ್ತೂ ಅತ್ತೆ ನನ್ನನ್ನೇ, ನನ್ನ ಕೆಳಗೆ ಸಿಕ್ಕಿಬಿದ್ದ ಕೈಯನ್ನೇ ನೋಡುತ್ತಿದ್ದರು.

ಕೊನೆಗೆ ಅವರು ತಮಗೆ ಬಡಿಸಿಕೊಂಡರು. ಒಂದು ಚಮಚ ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ರಸ್ತೆಯಾಚೆ ಟ್ರಾಮಿನ ಗಂಟೆ ಕೇಳಿಸಿತು. ಒಬ್ಬೊಬ್ಬರ ತಟ್ಟೆಯ ಕಡೆಗೂ ಕಣ್ಣು ಹಾಯಿಸಿದರು. ಎಲ್ಲರದೂ ತುಂಬಿತ್ತು, ನನ್ನದೊಂದು ಬರಿದಾಗಿತ್ತು. ಅವರು ಲುಸಿಂಡಾಳನ್ನು ನೋಡಿದರು. ಲುಸಿಂಡಾ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಸಂದೇಶಕ್ಕೆ ಕಾದಳು. ಅತ್ತೆ ಅವಳನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿದರು.

"ಅಡೆಲಿನೊ."

ನನ್ನ ಹೆಸರು ಅವರಿಗೆ ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ.

"ಏನತ್ತೆ?"

"ಜೇಬಲ್ಲಿರೋ ಉಪ್ಪು ತೆಗಿ."

ಕೈ ಮರಗಟ್ಟಿ ಹೋಗಿತ್ತು. ಎಡಗೈಯಿಂದ ಬಲಜೇಬಿಗೆ ತಡಕಾಡಿ ಪೊಟ್ಟಣ ತೆಗೆದು ಕೊಟ್ಟೆ. ಅವರು ಬಿಚ್ಚಿ ಪಾತ್ರೆಗೆ ಉದುರಿಸಿ, ಸೌಟಿನಿಂದ ತಿರುವಿ, ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಹಾಕಿದರು. ಆಮೇಲೆ ಮಗಳಿಗೆ, ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ನಂಗೆ ಮದುವೆ ದಿನದಿಂದಾನೂ ಗೊತ್ತಿತ್ತು ಕಣೆ. ಇವನು ಉಪ್ಪು ಜೇಬಲ್ಲಿಟ್ಕೊಂಡೇ ಓಡಾಡೋನು. ಇವತ್ತು ನನ್ನ ಮರ್ಯಾದೆ ನೋಡಿ ತೆಗೀಲಿಲ್ಲ ನೋಡು."

"ಅತ್ತೆ, ನಿಜವಾಗ್ಲೂ ಅದು ಪಾದ್ರಿ ಕೊಟ್ಟಿದ್ದು."

"ಬಾಯ್ಮುಚ್ಕೊಂಡು ತಿನ್ನು."

ತಿಂದೆ. ಮೂರನೇ ತಟ್ಟೆ ಅದು. ಲುಸಿಂಡಾ ಅಳುತ್ತಾ ನಗುತ್ತಾ ವೈನು ಬಗ್ಗಿಸಿ ಅರ್ಧ ನನ್ನ ಪ್ಯಾಂಟಿನ ಮೇಲೆ ಚೆಲ್ಲಿದಳು. ಬಾಲ್ತಸಾರ್ ಕೊನೆಗೂ ರೊಟ್ಟಿ ಮುರಿದ. ಆ ಗದ್ದಲದಲ್ಲಿ ಮಠದೊಳಗೆ ಹೋಗಿ ನೋಡುವುದು ಎಲ್ಲರಿಗೂ ಮರೆತೇಹೋಯಿತು. ಊರಿಗೆ ಬಂದ ಮೇಲೆ ಕೇಳಿದವರಿಗೆ, ದೊಡ್ಡದಾಗಿದೆ ಎಂದು ಹೇಳಿದೆವು.

ಈಗ ಅತ್ತೆ ನನ್ನ ಜೊತೆ ನೇರವಾಗಿ ಮಾತಾಡುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಶುರು ಮಾಡುತ್ತಾರೆ. ಇಪ್ಪತ್ತು ವರ್ಷ ಒಳಗೇ ಉಳಿದಿದ್ದ ಮಾತು, ಸುಲಭಕ್ಕೆ ಮುಗಿಯುವಂಥದ್ದಲ್ಲ. ಒಮ್ಮೊಮ್ಮೆ ಆ ಬೆಕ್ಕು ಬಹಳ ನೆನಪಾಗುತ್ತದೆ. ಊರಲ್ಲಿ ಮದುವೆಯಾಗಲಿ ತಿಥಿಯಾಗಲಿ, ಸಾರಿಗೆ ಉಪ್ಪು ಸಾಲದಿದ್ದರೆ ಪಕ್ಕದಲ್ಲಿ ಕೂತವರು ಮಾತಾಡುತ್ತಲೇ ನನ್ನ ಕಡೆ ಅಂಗೈ ಚಾಚುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. ಹಾಗಾಗಿ ಇಟ್ಟುಕೊಳ್ಳುವುದು ಶುರುಮಾಡಿದೆ. ಹೊರಗೆ ಹೊರಟಾಗ ಅತ್ತೆಯೇ ಕರೆದು, ಜೇಬು ತಟ್ಟಿ ನೋಡಿ, ಪೊಟ್ಟಣ ಇದೆ ಎಂದು ಖಾತ್ರಿಯಾದ ಮೇಲೆ ಕಳಿಸುತ್ತಾರೆ.